ಅತಿಥಿಯ ಧರ್ಮ

ಮನೆಗೆ ಬಂದ ಅತಿಥಿಯನ್ನು ಗೃಹಸ್ಥನು ಹೇಗೆ ಸತ್ಕರಿಸಬೇಕೆಂಬ ವಿಷಯದಲ್ಲಿ ನಮ್ಮ ಪೂರ್ವಿಕರು ಬಹು ವಿಸ್ತಾರವಾಗಿ ಆಲೋಚಿಸಿರುವರು. ಅತಿಥಿಯನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತು ವಿಧಿಸಿತು. ಕಠೋಪನಿಷತ್ತಿನಲ್ಲಿ ಬಾಲಕನಾದ ನಚಿಕೇತನು ಮೂರು ರಾತ್ರಿ ಅನ್ನವಿಲ್ಲದೆ ತನ್ನ ಬಾಗಿಲಲ್ಲಿ ಕಾದಿದ್ದನೆಂಬ ಕಾರಣಕ್ಕಾಗಿ ಸಾಕ್ಷಾತ್ ಯಮನೇ ಅಂಜಿ, ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನು ಕೊಡಬೇಕಾಯಿತು. ಆಸನವನ್ನು ಕೊಡುವುದು, ಕಾಲಿಗೆ ನೀರು ಕೊಡುವುದು, ಅನ್ನವಿಲ್ಲದಿದ್ದರೂ ಒಳ್ಳೆಯ ಮಾತನ್ನಾದರೂ ಆಡುವುದು ಇವೆಲ್ಲವನ್ನೂ ಧರ್ಮಶಾಸ್ತ್ರಗಳು ಒಂದೊಂದಾಗಿ ಎಣಿಸಿ ಹೇಳಿವೆ. ಆದರೆ ಇವೆಲ್ಲವೂ ಮನೆಯ ಯಜಮಾನನಿಗೆ ಹೇಳಿದ ಮಾತುಗಳು. ಬಂದವನು ಹೇಗಿರಬೇಕು, ಏನನ್ನು ನೋಡಬೇಕು, ಹಿಂದಿರುಗಿದ ಮೇಲೆ ಏನನ್ನು ಹೇಳಬೇಕು ಎಂಬ ವಿಷಯದಲ್ಲಿ ಶಾಸ್ತ್ರಕಾರರ ಮಾತು ವಿರಳ. ಪರರ ಅನ್ನಕ್ಕೆ ಆಶೆಪಟ್ಟು ಮನೆಯಿಂದ ಮನೆಗೆ ಅಲೆಯುವವನನ್ನು ಮನುವು ನಿಂದಿಸಿರುವುದುಂಟು. ಅದಕ್ಕಿಂತ ಹೆಚ್ಚಾಗಿ ಅತಿಥಿಯ ಧರ್ಮವೆಂಬ ಪ್ರಕರಣವೊಂದು ಪ್ರತ್ಯೇಕವಾಗಿ ಬೆಳೆದಂತೆ ಕಾಣುವುದಿಲ್ಲ.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಂದು ರಾತ್ರಿ ಮಾತ್ರ ತಂಗುವವನು ಅತಿಥಿ, ಅವನ ಇರವು ನಿತ್ಯವಲ್ಲವಾದುದರಿಂದಲೇ ಅವನಿಗೆ ಆ ಹೆಸರು ಎಂದು ಮನುಸ್ಮೃತಿಯಲ್ಲಿ ಹೇಳಿದೆ. ಆ ಕಾಲದಲ್ಲಿ ಮನೆಗಳು ಹಲವು, ಅತಿಥಿಗಳು ಕೆಲವರು. ಬಂದವನು ದಣಿದವನು, ಹಸಿದವನು, ದಿಕ್ಕಿಲ್ಲದವನು. ಅವನಿಗೆ ಬುದ್ಧಿ ಹೇಳುವುದಕ್ಕಿಂತ ಅನ್ನವಿಕ್ಕುವುದೇ ಮೊದಲ ಕೆಲಸವಾಗಿದ್ದಿತು. ಈಗಲಾದರೋ ಸ್ಥಿತಿ ವಿಪರೀತವಾಗಿದೆ. ಸಮುದ್ರತೀರದ ಸಣ್ಣದೊಂದು ಪಟ್ಟಣಕ್ಕೆ ಒಂದೇ ಹಡಗಿನಲ್ಲಿ ಸಾವಿರಾರು ಮಂದಿ ಬೆಳಗ್ಗೆ ಬಂದಿಳಿದು ಸಾಯಂಕಾಲ ಹೊರಟುಹೋಗುವ ಕಾಲವಿದು. ಹೀಗೆ ಬರುವವರಿಗೆ ಹಸಿವಿಲ್ಲ, ದಿಕ್ಕಿಲ್ಲದವರೂ ಅಲ್ಲ. ನೋಡಬೇಕೆಂಬ ಇಚ್ಛೆಯೊಂದೇ ಅವರನ್ನು ಕರೆತಂದಿರುವುದು. ಆದುದರಿಂದ ಪೂರ್ವಿಕರು ಹೇಳದೆ ಬಿಟ್ಟುದನ್ನು ಈಗ ವಿಚಾರಿಸಬೇಕಾಗಿದೆ. ಅಲ್ಪಕಾಲ ಇದ್ದು ಹೋಗುವವನು ಒಂದು ಊರನ್ನು ನಿಜವಾಗಿ ತಿಳಿಯಬಲ್ಲನೆ? ತಿಳಿಯಲಿ, ತಿಳಿಯದಿರಲಿ, ಆ ಊರಿಗೆ ಅವನು ಸಲ್ಲಿಸಬೇಕಾದುದೇನಾದರೂ ಉಂಟೆ? ಪ್ರಶ್ನೆಯು ಹೀಗೆ ಎರಡು ಬಗೆಯಾಗಿದೆ.

ಇಂಥ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಗೆಹರಿಸಲಾಗದು. ಒಂದು ದೃಷ್ಟಾಂತ ಬೇಕು. ಸ್ಪೇನ್ ದೇಶದ ನೈರುತ್ಯ ತೀರದಲ್ಲಿರುವ ಕಾದಿಸ್ ನಗರವು ಇದಕ್ಕೆ ಬಹು ಯೋಗ್ಯವಾದ ದೃಷ್ಟಾಂತ. ಏಕೆಂದರೆ ಸುಮಾರು ಮೂರು ಸಾವಿರ ವರ್ಷಗಳಿಂದ ಆ ಊರು ಬಂದುಹೋಗುವವರಿಂದಲೇ ಬದುಕಿದೆ, ಬಂದುಹೋದವರ ಬಾಯಿಂದಲೇ ಲೋಕಕ್ಕೆ ತಿಳಿದಿದೆ.

ಮೆಡಿಟರೇನಿಯನ್ ಸಮುದ್ರವನ್ನು ದಾಟಿ, ಜಿಬ್ರಾಲ್ಟರ್ ಜಲಸಂಧಿಯ ಹೊರಗೆ, ಅಟ್ಲಾಂಟಿಕ್ ಮಹಾಸಾಗರದ ಮೇಲೆ ಈ ನಗರವಿದೆ. ಹಳೆಯ ಪಟ್ಟಣವು ಸಮುದ್ರದೊಳಕ್ಕೆ ಚಾಚಿಕೊಂಡ ಭೂಮಿಯ ತುದಿಯಲ್ಲಿದೆ. ಕಿರಿದಾದ ಒಂದು ಭೂಭಾಗವು ಮಾತ್ರ ಅದನ್ನು ಒಳನಾಡಿಗೆ ಸೇರಿಸುವುದು, ಮಿಕ್ಕ ದಿಕ್ಕುಗಳಲ್ಲೆಲ್ಲ ನೀರು. ಪೂರ್ವ ಸಮುದ್ರತೀರದ ವರ್ತಕರಾದ ಫಿನೀಷಿಯನ್ನರು ಇದನ್ನು ಸ್ಥಾಪಿಸಿ ಗಾದಿರ್ ಎಂದು ಹೆಸರಿಟ್ಟರು. ಗೋಡೆ ಸುತ್ತಿದ ಸ್ಥಳವೆಂದು ಅದರ ಅರ್ಥ. ಕ್ರಿ. ಪೂ. 1100ರ ಸುಮಾರಿನಲ್ಲಿ ಸ್ಥಾಪನೆಯಾಯಿತೆಂದು ಪುರಾತನ ಲೇಖಕರ ಪ್ರತೀತಿ. ಅಗೆದು ನೋಡಿದವರಿಗೆ ಸಿಕ್ಕಿರುವ ಕುರುಹುಗಳು ಕ್ರಿ. ಪೂ. 9ನೆಯ, 8ನೆಯ ಶತಮಾನಗಳವು. ರೋಮನರ ಕಾಲದಲ್ಲಿ ಅದು ಗಾದೇಸ್ ಆಯಿತು, ಅರಬರ ಕಾಲದಲ್ಲಿ ಕಾದಿಸ್ ಆಯಿತು. 1493ರಲ್ಲಿ ಕೊಲಂಬಸನು ತನ್ನ ಎರಡನೆಯ ಯಾತ್ರೆಗೆ 17 ಹಡಗುಗಳೊಡನೆ ಹೊರಟುದು ಇಲ್ಲಿಂದ. ಈಗ ಪ್ರವಾಸಿಗಳ ಹಡಗುಗಳು ಹಳೆಯ ಪಟ್ಟಣದ ಮಗ್ಗುಲಲ್ಲಿಯೇ ಬಂದು ನಿಲ್ಲುವುವು. ಇಳಿದವನು ಕೆಲವು ನಿಮಿಷ ನಡೆದರೆ ಊರಿನ ನಡುವೆ ಇರುವನು, ಇನ್ನೂ ಸ್ವಲ್ಪ ನಡೆದರೆ ಆಚೆಯ ಸಮುದ್ರವನ್ನು ಕಾಣುವನು. ಹಳದಿ ಹೆಂಚಿನ ಗುಮ್ಮಟದ ದೊಡ್ಡ ಇಗರ್ಜಿ, ಎರಡು ಕೋಟೆಗಳ ನಡುವಣ ಲಾ ಕಾಲೇತ ಎಂಬ ಮರಳುತೀರ, ಒಂದು ವಸ್ತುಸಂಗ್ರಹಾಲಯ, ಒಂದು ಗೋಪುರ: ಇಷ್ಟನ್ನು ನೋಡಿ ಮುಗಿಸಿ ಸಂಜೆಯ ಹೊತ್ತಿಗೆ ಅವನು ಹಡಗಿಗೆ ಹಿಂದಿರುಗುವನು. ಕಾದಿಸನ್ನು ಕಂಡಾಯಿತೆಂದು ಅವನ ತೃಪ್ತಿ.

ಕಂಡಾಯಿತೆಂಬುದು ಸುಳ್ಳೆಂದು ಪೂರ್ವಪಕ್ಷ. ಒಂದು ಊರನ್ನು ತಿಳಿಯಬೇಕಾದರೆ ಅಲ್ಲಿ ಬೇಸಗೆಯನ್ನೂ ಚಳಿಗಾಲವನ್ನೂ ಕಳೆದಿರಬೇಕು, ಅಲ್ಲಿಯ ಮದುವೆಗೂ ಮರಣಕ್ಕೂ ಹೋಗಿರಬೇಕು, ಅಲ್ಲಿಯ ಅಂಗಡಿಯವನಲ್ಲಿ ಸಾಲ ಮಾಡಿರಬೇಕೆಂದು ಈ ಪಕ್ಷದವರು ಹೇಳುವರು. ಕಾದಿಸಿನ ಗಾಳಿಯೇ ಇದಕ್ಕೆ ಸಾಕ್ಷಿ. ಪೂರ್ವದಿಂದ ಬೀಸುವ ಗಾಳಿಗೆ ಅಲ್ಲಿ ಲೆವಾಂತೆ ಎಂದು ಹೆಸರು. ಅದು ಒಣಗಾಳಿ, ಬೇಸಗೆಯಲ್ಲಿ ಬಹು ಬಿಸಿ, ಹಲವು ದಿನ ಬಿಡದೆ ಬೀಸುವುದುಂಟು. ಪಶ್ಚಿಮದಿಂದ ಬರುವ ಪೊನಿಯೆಂತೆ ತಂಪಾದುದು, ಸಮುದ್ರದ ತೇವವನ್ನು ಹೊತ್ತು ತರುವುದು. ಲೆವಾಂತೆಯ ದಿನ ಬಂದಿಳಿದವನು ಮರಳಿಗೆ ಕಣ್ಣು ಮುಚ್ಚಿಕೊಂಡು ನಡೆದು, ಈ ಊರು ವಾಸಕ್ಕೆ ಯೋಗ್ಯವಲ್ಲವೆಂದು ಬರೆಯುವನು. ಮರುದಿನ ಗಾಳಿ ತಿರುಗಿದ ಮೇಲೆ ಬಂದವನು ಇದಕ್ಕಿಂತ ಸುಖವಾದ ಸ್ಥಳವಿಲ್ಲವೆನ್ನುವನು. ಇಬ್ಬರೂ ಕಂಡುದನ್ನೇ ಹೇಳಿದವರು. ಆದರೂ ಇಬ್ಬರ ಮಾತೂ ಊರಿಗೆ ಹೊಂದದು. ಹೀಗಿರಲು ಅಲ್ಪಕಾಲದ ದರ್ಶನವು ಅಜ್ಞಾನಕ್ಕಿಂತಲೂ ಕೆಟ್ಟದು. ಅಜ್ಞಾನಿಯು ತಾನು ಅರಿಯೆನೆಂದು ಸುಮ್ಮನಿರುವನು, ಇವನು ಅರಿತೆನೆಂದು ಮಾತನಾಡುವನು. ಇದು ಪೂರ್ವಪಕ್ಷದ ಸಾರ.

ಈ ವಾದದಲ್ಲಿ ಸತ್ಯಾಂಶವುಂಟು. ಆದರೆ ಪೂರ್ಣವಾಗಿ ಒಪ್ಪಲಾಗದು. ಕಾದಿಸಿನ ಚರಿತ್ರೆಯಲ್ಲಿಯೇ ಇದಕ್ಕೆ ಪ್ರತ್ಯುದಾಹರಣೆಯಿದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಮೊದಲ ಭಾಗದಲ್ಲಿ ಪೊಸಿಡೋನಿಯಸ್ ಎಂಬ ಗ್ರೀಕ್ ತತ್ತ್ವಜ್ಞಾನಿಯಿದ್ದನು. ಹುಟ್ಟಿದುದು ಸಿರಿಯಾದ ಅಪಾಮಿಯಾ ನಗರದಲ್ಲಿ, ಪಾಠ ಹೇಳುತ್ತಿದ್ದುದು ರೋಡ್ಸ್ ದ್ವೀಪದಲ್ಲಿ. ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರ ಇಳಿತಗಳು ಬಹು ಅಲ್ಪವಾದುದರಿಂದ ಅವುಗಳ ಕಾರಣವನ್ನು ಪರೀಕ್ಷಿಸಲೆಂದು ಅವನು ಮಹಾಸಾಗರದ ತೀರದ ಈ ಊರಿಗೆ ಬಂದನು. ಇಲ್ಲಿ ಮೂವತ್ತು ದಿನ ಸೂರ್ಯಾಸ್ತವನ್ನು ನೋಡಿದನೆಂದು ಭೂಗೋಳಲೇಖಕನಾದ ಸ್ಟ್ರಾಬೊ ತಿಳಿಸಿರುವನು. ಪೊಸಿಡೋನಿಯಸನ ಗ್ರಂಥವು ಲುಪ್ತವಾಗಿದೆ. ನಮಗೆ ತಿಳಿದಿರುವುದು ಸ್ಟ್ರಾಬೊವಿನ ಮೂಲಕ. ಸಮುದ್ರವು ಚಂದ್ರನನ್ನು ಅನುಸರಿಸಿ ದಿನಕ್ಕೆ ಎರಡು ಬಾರಿ ಏರಿಳಿಯುವುದೆಂದೂ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿಳಿತವು ಹೆಚ್ಚೆಂದೂ ಅವನು ಸರಿಯಾಗಿಯೇ ಹೇಳಿದನು.

ಅಲ್ಲಿಯ ದೇವಾಲಯದ ಬಾವಿಯ ವಿಷಯವು ಇನ್ನೂ ಬೋಧಪ್ರದವಾದುದು. ಫಿನೀಷಿಯನ್ನರ ಮೆಲ್ಕಾರ್ತ ದೇವತೆಯನ್ನು ಗ್ರೀಕರೂ ರೋಮನರೂ ಹರ್ಕ್ಯುಲೀಸನೆಂದು ಕರೆಯುತ್ತಿದ್ದರು. ಆ ದೇವಾಲಯವು ಊರಿಂದ ಕೊಂಚ ದೂರದಲ್ಲಿ ಸಮುದ್ರತೀರದಲ್ಲಿದ್ದಿತು. ಸಮುದ್ರವು ಇಳಿದಾಗ ಅಲ್ಲಿಯ ಬಾವಿ ಏರುವುದು, ಸಮುದ್ರವು ಏರಿದಾಗ ಬಾವಿ ಇಳಿಯುವುದು ಎಂದು ಊರವರ ನಂಬಿಕೆ. ತಲೆತಲಾಂತರದಿಂದ ನೀರು ಸೇದಿದವರು ಅವರು. ಒಂದು ತಿಂಗಳ ಅತಿಥಿಯಾದ ಪೊಸಿಡೋನಿಯಸನು ಪರೀಕ್ಷಿಸಿ ನೋಡಿ, ಸೇದಿದಷ್ಟು ಹೊತ್ತು ನೀರು ತಗ್ಗುವುದು, ಸೇದುವುದನ್ನು ನಿಲ್ಲಿಸಿದರೆ ತುಂಬುವುದು, ತುಂಬುವ ಹೊತ್ತೂ ಸಮುದ್ರವು ಇಳಿಯುವ ಹೊತ್ತೂ ಎಷ್ಟೋ ಸಾರಿ ಕೂಡಿಬರುವುದರಿಂದ ಜನರು ಹಾಗೆ ನಂಬಿದರು ಎಂದು ತೀರ್ಮಾನಿಸಿದನು. ನಿವಾಸಿಗಳು ಶತಮಾನಗಳಿಂದ ಕಾಣದಿದ್ದುದನ್ನು ಬಂದವನು ಕಂಡನು. ಆದರೆ ಕಥೆಯು ಇಷ್ಟಕ್ಕೆ ಮುಗಿಯಲಿಲ್ಲ. ವರ್ಷದಲ್ಲಿ ಯಾವಾಗ ಉಬ್ಬರವು ಅತ್ಯಧಿಕವೆಂಬುದನ್ನು ತಾನೇ ತಿಳಿಯಲು ಅವನಿಗೆ ವರ್ಷವೆಲ್ಲ ಅಲ್ಲಿರಲು ಅವಕಾಶವಿರಲಿಲ್ಲ. ಊರವರನ್ನು ಕೇಳಿದನು. ಬೇಸಗೆಯ ಅಯನಸಂಧಿಯಲ್ಲಿ ಎಂದು ಅವರು ಹೇಳಿದರು, ಅದನ್ನೇ ಗ್ರಹಿಸಿ ಅವನು ಒಂದು ಸಿದ್ಧಾಂತವನ್ನು ಕಟ್ಟಿದನು. ವಸ್ತುತಃ ಅದು ತಪ್ಪು. ಹಗಲಿರುಳುಗಳು ಸಮನಾಗುವ ವಿಷುವಕಾಲದ ಸುಮಾರಿನಲ್ಲಿ ಉಬ್ಬರವು ಹೆಚ್ಚು. ಅಯನಸಂಧಿಯ ಹುಣ್ಣಿಮೆಯ ಸಮಯದಲ್ಲಿ ತಾನು ಅಲ್ಲಿಯೇ ಇದ್ದು ನೋಡಿದಾಗ ಅಂಥ ಭೇದವೇನೂ ಕಾಣಲಿಲ್ಲವೆಂಬುದನ್ನೂ ಅವನು ಮರೆಮಾಡದೆ ಬರೆದಿಟ್ಟಿದ್ದನು.

ಈ ವೃತ್ತಾಂತದಿಂದ ತಿಳಿಯತಕ್ಕ ನ್ಯಾಯವೇನು? ಪ್ರತ್ಯಕ್ಷವು ಎಷ್ಟರವರೆಗೆ ವ್ಯಾಪಿಸಿದ್ದಿತೋ ಅಷ್ಟರವರೆಗೆ ಅತಿಥಿಯ ಜ್ಞಾನವು ನಿರ್ದುಷ್ಟವಾಗಿದ್ದಿತು. ಆಪ್ತವಾಕ್ಯವನ್ನು ನಂಬಿದ ಕಡೆ ಅವನು ತಪ್ಪಿದನು. ಹಾಗಾದರೂ ವರ್ಷದ ಸಂಗತಿಯನ್ನು ವರ್ಷವಿದ್ದವರಲ್ಲದೆ ಇನ್ನಾರಿಂದ ಕೇಳಬೇಕಾಗಿದ್ದಿತು? ಕೇಳಿದುದು ತಪ್ಪಲ್ಲ, ಕಂಡುದಿದು, ಕೇಳಿದುದಿದು ಎಂದು ಬೇರೆ ಬೇರೆಯಾಗಿ ಬರೆದಿಟ್ಟುದರಿಂದಲೇ ಮುಂದಿನವರಿಗೆ ತಿದ್ದಿಕೊಳ್ಳಲು ಸಾಧ್ಯವಾಯಿತು. ಆದುದರಿಂದ ಕಾಲದ ಅಲ್ಪತ್ವವು ಜ್ಞಾನಕ್ಕೆ ಶತ್ರುವಲ್ಲ. ಪ್ರಮಾಣಗಳನ್ನು ಬೆರಸಿಬಿಡುವುದೇ ಅದಕ್ಕೆ ಶತ್ರು.

ಅಲ್ಪಕಾಲದ ಯಾತ್ರೆಯು ಹೇಗೆ ಪೂರ್ಣವಾಗಬಹುದೆಂಬುದಕ್ಕೆ ಇದೇ ಊರಿನ ಮತ್ತೊಂದು ಕಥೆಯುಂಟು. ರೋಮಿನ ಚರಿತ್ರಕಾರನಾದ ಲಿವಿಯ ಕೀರ್ತಿಯನ್ನು ಕೇಳಿದ ಗಾದೇಸಿನ ನಿವಾಸಿಯೊಬ್ಬನು, ಆಗ ಭೂಮಿಯ ಕೊನೆಯೆಂದೆನಿಸಿದ್ದ ಆ ತೀರದಿಂದ ಹೊರಟು ರೋಮಿಗೆ ಹೋಗಿ, ಲಿವಿಯನ್ನು ಕಣ್ಣಾರೆ ಕಂಡು, ಕೂಡಲೆ ಊರಿಗೆ ಹಿಂದಿರುಗಿದನೆಂದು ಕಿರಿಯ ಪ್ಲಿನಿಯು ಮಿತ್ರನಿಗೆ ಬರೆದ ಪತ್ರವೊಂದರಲ್ಲಿ ತಿಳಿಸಿರುವನು. ರೋಮಿನ ಅರಮನೆಗಳನ್ನಾಗಲಿ ದೇವಾಲಯಗಳನ್ನಾಗಲಿ ಅವನು ನೋಡಲು ನಿಲ್ಲಲಿಲ್ಲ. ಲೌಕಿಕರು ಇವನನ್ನು ಹುಚ್ಚನೆಂದಾರು. ಆದರೆ ದೇವಸ್ಥಾನದ ಬಾಗಿಲಲ್ಲಿ ಬಹಳ ಹೊತ್ತು ನಿಂತು, ಒಂದು ಕ್ಷಣದ ದರ್ಶನದಿಂದ ಕೃತಾರ್ಥರಾಗಿ ಹಿಂದಿರುಗುವ ಜನರನ್ನು ಬಲ್ಲವರಿಗೆ ಇದು ಅರ್ಥವಾಗದ ನಡತೆಯಲ್ಲ. ಅವನು ಒಂದನ್ನು ಬಯಸಿದನು, ಒಂದನ್ನು ಕಂಡನು. ರೋಮನ್ನು ಕಂಡೆನೆಂದು ಅವನು ಹೇಳಿಕೊಳ್ಳುವ ಹಾಗಿರಲಿಲ್ಲ, ಲಿವಿಯನ್ನು ಕಂಡೆನೆನ್ನಬಹುದಾಗಿದ್ದಿತು. ಒಂದು ದಿನದಲ್ಲಿ ಹದಿನೈದು ಸ್ಥಳಗಳನ್ನು ಓಡಿ ನೋಡುವವನಿಗೆ ಆ ಹದಿನೈದರಲ್ಲಿ ಒಂದರ ವಿಷಯವಾಗಿಯೂ ಇಷ್ಟು ನಿರ್ಭಯವಾಗಿ ಮಾತನಾಡಲು ಸಾಧ್ಯವೆ?

ಇದಕ್ಕೆ ಪ್ರತಿಯಾಗಿ ಜೂಲಿಯಸ್ ಸೀಸರನ ಭೇಟಿಯನ್ನು ನೋಡಬಹುದು. ಕ್ರಿ. ಪೂ. 69ರ ಸುಮಾರಿನಲ್ಲಿ ಅಧಿಕಾರಿಯಾಗಿ ಸ್ಪೇನಿಗೆ ಬಂದಿದ್ದ ಅವನು ಗಾದೇಸಿನ ಅದೇ ದೇವಾಲಯದಲ್ಲಿ ಅಲೆಕ್ಸಾಂಡರನ ಪ್ರತಿಮೆಯನ್ನು ಕಂಡು, ಈ ವಯಸ್ಸಿಗೆ ಅವನು ಲೋಕವನ್ನೇ ಗೆದ್ದಿದ್ದನು, ತಾನಾದರೋ ಹೇಳಿಕೊಳ್ಳುವಂಥ ಕೆಲಸವನ್ನೇನೂ ಮಾಡಲಿಲ್ಲವೆಂದು ನಿಟ್ಟುಸಿರು ಬಿಟ್ಟನಂತೆ. ಬೇಗನೆ ರೋಮಿಗೆ ಹಿಂದಿರುಗಲು ಅಪ್ಪಣೆ ಕೇಳಿದನಂತೆ. ಸ್ಯುಟೋನಿಯಸನು ಈ ಸಂಗತಿಯನ್ನು ಬರೆದಿರುವನು. ಚರಿತ್ರೆಯ ದೃಷ್ಟಿಯಿಂದ ಆ ನಿಟ್ಟುಸಿರು ದೊಡ್ಡದಿರಬಹುದು. ಆದರೆ ಸೀಸರನು ಅಲ್ಲಿ ಕಂಡುದು ಊರನ್ನಲ್ಲ, ದೇವಾಲಯವನ್ನಲ್ಲ, ತನ್ನನ್ನೇ. ಈಗ ಇಗರ್ಜಿಯ ಮುಂದೆ ನಿಂತು ಇಗರ್ಜಿಗೆ ಬೆನ್ನು ಹಾಕಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಪ್ರವಾಸಿಯು, ಮಹತ್ವಾಕಾಂಕ್ಷೆಯೊಂದನ್ನು ಬಿಟ್ಟರೆ, ಸೀಸರನ ಸಂಪ್ರದಾಯಕ್ಕೆ ಸೇರಿದವನು.

ಇನ್ನು ನಿವಾಸಿಯ ಜ್ಞಾನವನ್ನು ಪರೀಕ್ಷಿಸೋಣ. 1887ರಲ್ಲಿ ಕಾದಿಸಿನಲ್ಲಿ ನೆಲವನ್ನು ಅಗೆಯುವಾಗ, ಗಡ್ಡಧಾರಿಯಾದ ಪುರುಷನ ಆಕೃತಿಯನ್ನು ಮುಚ್ಚಳದ ಮೇಲೆ ಕೆತ್ತಿದ ಅಮೃತಶಿಲೆಯ ಶವಪೆಟ್ಟಿಗೆಯೊಂದು ಸಿಕ್ಕಿತು. ಅದು ಫಿನೀಷಿಯನ್ನರ ಕಾಲದ್ದು. ಅನಂತರ ಅಲ್ಲಿಯ ವಸ್ತುಸಂಗ್ರಹಾಲಯದ ಮುಖ್ಯಸ್ಥನಾದ ಪೆಲಾಯೊ ಕಿಂತೇರೊ ಎಂಬ ಪ್ರಾಚ್ಯಶೋಧಕನು, ಇದಕ್ಕೆ ಜೋಡಿಯಾಗಿ ಸ್ತ್ರೀಯ ಆಕೃತಿಯ ಇನ್ನೊಂದು ಪೆಟ್ಟಿಗೆಯೂ ಇದ್ದೇ ಇರಬೇಕೆಂದು ನಂಬಿ ವರ್ಷಗಟ್ಟಲೆ ಹುಡುಕಿದನು. ಎಷ್ಟೋ ಗೋರಿಗಳು ಸಿಕ್ಕವು, ಅದು ಸಿಕ್ಕಲಿಲ್ಲ. ಅವನು ಊರನ್ನು ಬಿಟ್ಟು ಮೊರೊಕ್ಕೊ ದೇಶದ ತೆತುವಾನಿಗೆ ಹೋಗಿ, ಅಲ್ಲಿಯೇ 1946ರಲ್ಲಿ ತೀರಿಕೊಂಡನು. 1980ರಲ್ಲಿ ಕಟ್ಟಡವೊಂದಕ್ಕಾಗಿ ತಳಪಾಯ ತೋಡುತ್ತಿರುವಾಗ ಸ್ತ್ರೀಯ ಶವಪೆಟ್ಟಿಗೆಯು ಹೊರಬಿದ್ದಿತು. ಆ ಸ್ಥಳದಲ್ಲಿ ಹಿಂದೆ ಇದ್ದುದು ಕಿಂತೇರೊವಿನ ಮನೆಯೇ. ತಾನು ಊರೆಲ್ಲ ಅಗೆದು ಹುಡುಕಿದ ವಸ್ತುವಿನ ಮೇಲೆಯೇ ಅವನು ಮಲಗಿ ಏಳುತ್ತಿದ್ದನು.

ಅಲ್ಲೇ ಇದ್ದವನಿಗೆ ಎಲ್ಲವೂ ತಿಳಿದಿರುವುದೆಂಬ ಪೂರ್ವಪಕ್ಷದ ಮಾತು ಇದರಿಂದ ಶಿಥಿಲವಾಗುವುದು. ಆದರೆ ಈ ಕಥೆಯಲ್ಲಿ ಅತಿಥಿಯು ಗರ್ವಪಡತಕ್ಕದ್ದೇನೂ ಇಲ್ಲ. ಈಗ ಎರಡು ಶವಪೆಟ್ಟಿಗೆಗಳೂ ವಸ್ತುಸಂಗ್ರಹಾಲಯದಲ್ಲಿ ಒಂದರ ಮಗ್ಗುಲಲ್ಲಿ ಒಂದಿವೆ. ಕಿಂತೇರೊ ತನ್ನ ಆಯುಸ್ಸಿನಲ್ಲಿ ಕಾಣದ ಜೋಡಿಯನ್ನು ಹಡಗಿನಿಂದಿಳಿದವನು ಹತ್ತು ನಿಮಿಷದಲ್ಲಿ ನೋಡಿ ಮುಂದಿನ ಕೋಣೆಗೆ ನಡೆಯುವನು. ಆ ಹತ್ತು ನಿಮಿಷವು ಎಲ್ಲಿಂದ ಬಂದಿತು? ಅಗೆದವರು, ಮಣ್ಣನ್ನು ಸೋಸಿದವರು, ತೊಳೆದು ನಿಲ್ಲಿಸಿದವರು, ಹೆಸರು ಬರೆದವರು, ಹುಡುಕಿ ಕಾಣದೆ ಹೋದವರು ಇವರೆಲ್ಲರ ವರ್ಷಗಳಿಂದ ಬಂದಿತು. ಆ ಶ್ರಮವಿಲ್ಲದಿದ್ದರೆ ಅವನು ಕಾಣುತ್ತಿದ್ದುದು ಎರಡು ಕಲ್ಲುಗಳನ್ನು. ಕ್ಷಣಕಾಲದ ದರ್ಶನವು ಇತರರ ಆಯುಸ್ಸಿನ ಮೇಲೆ ನಿಂತಿದೆ. ಇದಕ್ಕೆ ನಮ್ಮಲ್ಲಿ ಋಣವೆಂದು ಹೆಸರು. ದೇವಋಣ, ಋಷಿಋಣ, ಪಿತೃಋಣಗಳೆಂದು ಹುಟ್ಟುವಾಗಲೇ ಮನುಷ್ಯನ ಮೇಲಿರುವ ಋಣಗಳನ್ನು ನಮ್ಮವರು ಹೇಳಿದರು. ಊರಿಗೆ ಬಂದವನು ಬಂದ ಕ್ಷಣದಲ್ಲಿಯೇ ಆ ಊರಿನ ಸತ್ತವರಿಗೂ ಬದುಕಿರುವವರಿಗೂ ಇಂಥದೇ ಋಣವೊಂದಕ್ಕೆ ಒಳಗಾಗುವನೆಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿಗೆ ಮೊದಲನೆಯ ಪ್ರಶ್ನೆಯಿಂದ ಎರಡನೆಯದಕ್ಕೆ ಬಂದಂತಾಯಿತು. ಋಣವುಂಟೆಂದ ಮೇಲೆ ಅದನ್ನು ತೀರಿಸುವುದು ಹೇಗೆ? ಹಣದಿಂದ ತೀರಿತೆಂದು ಹಲವರ ಅಭಿಪ್ರಾಯ. ಪ್ರವಾಸಿಯು ಊಟಕ್ಕೆ, ವಸತಿಗೆ, ಗೋಪುರವನ್ನು ಹತ್ತುವುದಕ್ಕೆ ಎಲ್ಲಕ್ಕೂ ಹಣ ಕೊಡುವನು, ಆ ಹಣದಿಂದ ಎಷ್ಟೋ ಸಂಸಾರಗಳು ನಡೆಯುವುವು, ಇನ್ನೇನು ಬಾಕಿ? ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಕಾದಿಸ್ ಪ್ರಾಂತವು ಸ್ಪೇನಿನಲ್ಲಿ ನಿರುದ್ಯೋಗವು ಅತ್ಯಧಿಕವಾಗಿರುವ ಪ್ರಾಂತಗಳಲ್ಲೊಂದು. ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಹಿಂದಿನಷ್ಟು ಕೆಲಸವಿಲ್ಲ. ಅಂಥ ಊರಿನಲ್ಲಿ ಅತಿಥಿಗಳು ಬಾರದಿರಲೆಂದು ಹೇಳುವುದು ಹೊಟ್ಟೆ ತುಂಬಿದವರ ಮಾತಾದೀತು.

ಆದರೆ ಇನ್ನೊಂದು ಕಡೆಯೂ ಉಂಟು. 1991ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆಯು ಒಂದೂವರೆ ಲಕ್ಷವನ್ನು ಮೀರಿದ್ದಿತು; ಈಗ 1,15,000ಕ್ಕಿಂತಲೂ ಕಡಿಮೆಯಾಗಿದೆ. ಸುತ್ತ ಸಮುದ್ರವಿರುವ ಊರು ಬೆಳೆಯುವುದಕ್ಕೆ ಎಡೆಯಿಲ್ಲ. ಕೆಲಸವನ್ನರಸಿ ಹೊರಟವರು ಕೆಲವರು, ಕಡಿಮೆ ಬೆಲೆಗೆ ಮನೆ ಸಿಕ್ಕುವ ಸುತ್ತಣ ಊರುಗಳಿಗೆ ಹೋದವರು ಕೆಲವರು. ಇದೆಲ್ಲಕ್ಕೂ ಪ್ರವಾಸಿಯೇ ಕಾರಣನೆಂದರೆ ಅನ್ಯಾಯ. ಆದರೂ ಹಳೆಯ ಪಟ್ಟಣದಲ್ಲಿ ಸಂಸಾರಗಳು ವಾಸವಾಗಿದ್ದ ಮನೆಗಳೇ ಈಚೆಗೆ ಒಂದೊಂದಾಗಿ ಪ್ರವಾಸಿಗಳ ಬಿಡಾರಗಳಾಗುತ್ತಿರುವುದು ನಿಜ. ಗೃಹಸ್ಥನು ತನ್ನ ಅನ್ನದಲ್ಲಿ ಪಾಲು ಕೊಡಬೇಕೆಂದು ಶಾಸ್ತ್ರವು ವಿಧಿಸಿತು. ಅತಿಥಿಯು ಬಂದುದರಿಂದ ಗೃಹಸ್ಥನೇ ಮನೆಯನ್ನು ಬಿಟ್ಟು ಹೋಗಬೇಕಾಗುವುದೆಂದು ಯಾವ ಶಾಸ್ತ್ರಕಾರನೂ ಕನಸಿನಲ್ಲಿಯೂ ಎಣಿಸಿರಲಿಲ್ಲ. ಬೆಲೆಯೆಂಬುದು ಬೇರೆ, ಋಣವೆಂಬುದು ಬೇರೆ. ಕೊಂಡ ವಸ್ತುವಿಗೆ ಬೆಲೆಯನ್ನು ಕೊಟ್ಟರೆ ವ್ಯವಹಾರ ಮುಗಿಯಿತು. ಕೊಳ್ಳಲಾಗದುದನ್ನು, ಎಂದರೆ ಒಂದು ಊರಿನ ಬದುಕನ್ನು, ಅನುಭವಿಸಿದವನಿಗೆ ಬೆಲೆಯನ್ನು ಕೊಟ್ಟ ಮೇಲೆಯೂ ಋಣವು ಉಳಿಯುವುದು. ಮನೆಗಳನ್ನು ಕಸಿಯದ ವಸತಿಯನ್ನು ಆರಿಸಿಕೊಳ್ಳುವುದು, ನೆರೆಯವರ ನಿದ್ರೆಗೆ ಭಂಗ ತಾರದಿರುವುದು ಇಂಥವು ಸಣ್ಣ ವಿಷಯಗಳಂತೆ ಕಂಡರೂ ಋಣವನ್ನು ಒಪ್ಪಿಕೊಂಡವನ ಮೊದಲ ಲಕ್ಷಣಗಳು.

ಮತ್ತೊಂದು ಬಗೆಯ ಋಣವೂ ಉಂಟು. ಅದು ಕಾಣದಿರುವುದಕ್ಕೆ ಸಂಬಂಧಿಸಿದುದು. ಅಮೆರಿಕದೊಡನೆ ಸ್ಪೇನಿನ ವ್ಯಾಪಾರವನ್ನು ನಡೆಸುವ ಅಧಿಕಾರಸ್ಥಾನವು 1717ರಲ್ಲಿ ಸೆವಿಲ್ ನಗರದಿಂದ ಕಾದಿಸಿಗೆ ಬಂದಿತು. ಅಂದಿನಿಂದ ಮೆಕ್ಸಿಕೊ ಪೆರು ದೇಶಗಳ ಬೆಳ್ಳಿಯು ಈ ರೇವಿಗೆ ಹರಿಯಿತು. ವರ್ತಕರು ತಮ್ಮ ಹಡಗುಗಳ ಬರವನ್ನು ಕಾಯಲು ಮನೆಗಳ ಮೇಲೆ ಗೋಪುರಗಳನ್ನು ಕಟ್ಟಿಸಿದರು. ನೂರಕ್ಕೂ ಹೆಚ್ಚು ಈಗಲೂ ಉಳಿದಿವೆ. ಅವುಗಳಲ್ಲೊಂದಾದ ತಾವೀರ ಗೋಪುರವು ಸಮುದ್ರಮಟ್ಟಕ್ಕಿಂತ 45 ಮೀಟರು ಎತ್ತರದಲ್ಲಿದೆ. ಅದರ ಕತ್ತಲಕೋಣೆಯಲ್ಲಿ, ಕನ್ನಡಿ ಮಸೂರಗಳ ಸಹಾಯದಿಂದ, ಹೊರಗಣ ಊರಿನ ಚಲಿಸುವ ಬಿಂಬವನ್ನು ಬಿಳಿಯ ತೆರೆಯೊಂದರ ಮೇಲೆ ಬೀಳಿಸಿ ತೋರಿಸುವರು. ಬೀದಿಯಲ್ಲಿ ನಡೆಯುವವರು, ಮಾಳಿಗೆಯ ಮೇಲೆ ಬಟ್ಟೆ ಒಣಗಹಾಕುವವರು ಎಲ್ಲರೂ ಅಲ್ಲಿ ಕಾಣುವರು. ಅವರಿಗೆ ನೋಡುವವನು ಕಾಣುವುದಿಲ್ಲ. ನೋಡುವವನಿಗೂ ಬೆಳ್ಳಿಯನ್ನು ಗಣಿಯಿಂದ ತೆಗೆದವರು ಕಾಣುವುದಿಲ್ಲ. ದೊಡ್ಡ ಇಗರ್ಜಿಯ ಕೆಲಸವು 1722ರಲ್ಲಿ ಆ ಸಂಪತ್ತಿನ ಬಲದಿಂದ ಆರಂಭವಾಗಿ, ನಡುನಡುವೆ ಹಣವಿಲ್ಲದೆ ನಿಂತು, 1838ರಲ್ಲಿ ಮುಗಿಯಿತು. ಗೋಡೆಯ ಕೆಳಗಣ ಕಲ್ಲಿಗೂ ಮೇಲಣ ಕಲ್ಲಿಗೂ ಇರುವ ಭೇದವನ್ನು ಯಾರಾದರೂ ಕಾಣಬಹುದು. ಆ ಭೇದದ ಕಾರಣವನ್ನು ಕೇಳಿದವನಿಗೆ ಒಂದು ಸಾಮ್ರಾಜ್ಯದ ಏರಿಳಿತವೇ ಗೋಡೆಯಲ್ಲಿ ಓದಿಸಿಕೊಳ್ಳುವುದು.

1812ರ ರಾಜ್ಯಾಂಗದ ವಿಷಯವೂ ಹೀಗೆಯೇ. ನೆಪೋಲಿಯನನ ಸೈನ್ಯವು 1810ರ ಫೆಬ್ರುವರಿಯಿಂದ 1812ರ ಆಗಸ್ಟಿನವರೆಗೆ ಈ ಊರನ್ನು ಮುತ್ತಿದ್ದಾಗ, ಸ್ಪೇನಿನ ನಾನಾ ಪ್ರಾಂತಗಳಿಂದಲೂ ಅಮೆರಿಕದಿಂದಲೂ ಪ್ರತಿನಿಧಿಗಳು ಇಲ್ಲಿ ಕೂಡಿದರು. ಅವರೂ ಬಹುಮಟ್ಟಿಗೆ ಅತಿಥಿಗಳೇ. ಗುಂಡುಗಳು ಬೀಳುತ್ತಿದ್ದ ಊರಿನಲ್ಲಿ, ಸಂತ ಫಿಲಿಪ್ ನೇರಿಯ ಪ್ರಾರ್ಥನಾಮಂದಿರದಲ್ಲಿ ಕುಳಿತು, 384 ವಿಧಿಗಳ ರಾಜ್ಯಾಂಗವನ್ನು ರಚಿಸಿ 1812ರ ಮಾರ್ಚಿ 19ರಂದು ಘೋಷಿಸಿದರು. ಪ್ರಭುತ್ವವು ರಾಷ್ಟ್ರದ್ದು, ದೊರೆಯದಲ್ಲವೆಂದು ಅದು ಸಾರಿತು. ಅದರ ಕೀರ್ತಿಯು ದೂರ ಹಬ್ಬಿತು. ಅದರ ಪುನರ್ಮುದ್ರಣವೊಂದನ್ನು ಬಂಗಾಳದ ರಾಜಾ ರಾಮಮೋಹನ ರಾಯರಿಗೆ ಅರ್ಪಿಸಿದ್ದರು. ಆದರೆ ಅದೇ ರಾಜ್ಯಾಂಗವು ಆಫ್ರಿಕದ ಮೂಲದವರನ್ನು ಸಾಮಾನ್ಯವಾಗಿ ಪೌರತ್ವದಿಂದ ಹೊರಗಿಟ್ಟಿತು. ಗುಲಾಮತನವನ್ನು ತೊಡೆದುಹಾಕಬೇಕೆಂಬ ಸೂಚನೆಯು 1811ರಲ್ಲಿ ಸಭೆಯ ಮುಂದೆ ಬಂದಿದ್ದರೂ ಫಲಿಸಲಿಲ್ಲ. ಸ್ಪೇನಿನ ವಶದಲ್ಲಿದ್ದ ಕ್ಯೂಬದಲ್ಲಿ ಅದು ಕೊನೆಗೊಂಡುದು 1886ರಲ್ಲಿ. ನೂರು ವರ್ಷ ತುಂಬಿದ ನೆನಪಿಗೆ 1912ರಲ್ಲಿ ತೊಡಗಿ ಕಟ್ಟಿದ ಸ್ಮಾರಕದಲ್ಲಿ ಒಂದು ಬರಿಯ ಪೀಠವಿದೆ. ಅದನ್ನು ನೋಡುವ ಅತಿಥಿಯು ಎಲ್ಲವನ್ನೂ ಕೊಂಡಾಡಿದರೆ ಹೊರಗುಳಿದವರಿಗೆ ಅನ್ಯಾಯ. ಎಲ್ಲವನ್ನೂ ಹಳಿದರೆ ಮುತ್ತಿಗೆಯ ನಡುವೆ ಸ್ವಾತಂತ್ರ್ಯವನ್ನು ಬರೆದವರಿಗೆ ಅನ್ಯಾಯ. ಒಂದು ದಿನದ ಪರಿಚಯದಿಂದ ನ್ಯಾಯಾಧೀಶನಾಗುವುದು ಅವನಿಗೆ ತಕ್ಕುದಲ್ಲ. ಎರಡನ್ನೂ ತಿಳಿದು ಎರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವುದು ತಕ್ಕುದು.

ಅತಿಥಿಯ ಧರ್ಮದಲ್ಲಿ ಅತ್ಯಂತ ಮುಖ್ಯವಾದ ಭಾಗವು ಅವನು ಊರನ್ನು ಬಿಟ್ಟ ಮೇಲೆ ಮೊದಲಾಗುವುದು. ಊರು ಇದ್ದಲ್ಲಿಯೇ ಇರುವುದು, ಅತಿಥಿಯ ಮಾತು ದೇಶದೇಶಗಳಿಗೆ ಹೋಗುವುದು. 1809ರಲ್ಲಿ ಇಂಗ್ಲಿಷ್ ಕವಿಯಾದ ಬೈರನ್ ಕೆಲವು ದಿನ ಕಾದಿಸಿನಲ್ಲಿದ್ದು, ಅಲ್ಲಿಯ ಹೆಂಗಸರ ಚೆಲುವನ್ನು ಹಾಡಿದನು. ಕೆಲವೇ ತಿಂಗಳಲ್ಲಿ ಆ ಊರು ಮುತ್ತಿಗೆಗೆ ಸಿಕ್ಕಿ ಎರಡೂವರೆ ವರ್ಷ ತಡೆದು ನಿಂತಿತು. ಆದರೂ ಅವನ ಪದ್ಯವನ್ನೋದಿದವರ ಮನಸ್ಸಿನಲ್ಲಿ ನಿಂತುದು ಕಪ್ಪುಗಣ್ಣುಗಳ ಊರು. ಕವಿಯು ಸುಳ್ಳು ಹೇಳಲಿಲ್ಲ. ಅಂಶವನ್ನು ಹೇಳಿದನು, ಕೇಳಿದವರು ಅದನ್ನೇ ಪೂರ್ಣವೆಂದು ಗ್ರಹಿಸಿದರು. ಇತ್ತ ಸ್ಟ್ರಾಬೊವು ಸ್ಪೇನಿಗೆ ಎಂದೂ ಹೋದವನಲ್ಲ. ಆದರೆ ಯಾರು ಏನನ್ನು ಕಂಡರು, ಯಾರು ಏನನ್ನು ಕೇಳಿದರು ಎಂಬುದನ್ನು ವಿಂಗಡಿಸಿ ಬರೆದುದರಿಂದ ಅವನ ಬರಹವು ಎರಡು ಸಾವಿರ ವರ್ಷಗಳ ಮೇಲೆಯೂ ಉಪಯೋಗಕ್ಕೆ ಬರುತ್ತಿದೆ. ಹೋಗಿ ಬಂದವನು ಮನೆಯ ಜಗಲಿಯ ಮೇಲೆ ಕುಳಿತು ನೆರೆಹೊರೆಯವರಿಗೆ ಹೇಳುವ ಮಾತಿಗೂ ಇದೇ ನಿಯಮವು ಅನ್ವಯಿಸುವುದು. ಅಲ್ಲಿಯ ಜನ ಸೋಮಾರಿಗಳು, ಅಲ್ಲಿಯ ಜನ ಉದಾರಿಗಳು ಎಂಬಂಥ ವಾಕ್ಯಗಳು ನಾಲಗೆಗೆ ಬಹು ಸುಲಭ. ಅಂಥ ಒಂದು ವಾಕ್ಯವು ಕೇಳಿದ ಮಕ್ಕಳ ಮನಸ್ಸಿನಲ್ಲಿ ಒಂದು ಇಡೀ ಜನಾಂಗದ ಮೇಲೆ ತೀರ್ಪಾಗಿ ಐವತ್ತು ವರ್ಷ ನಿಲ್ಲಬಹುದು. ತೀರ್ಪಿಗೆ ಒಳಗಾದವರಿಗೆ ಉತ್ತರ ಹೇಳುವ ಅವಕಾಶವಿರುವುದಿಲ್ಲ.

ಇಷ್ಟು ವಿಚಾರದಿಂದ ಸಿದ್ಧವಾದುದನ್ನು ಸಂಗ್ರಹಿಸಿ ಹೇಳಬಹುದು. ಅಲ್ಪಕಾಲ ಇರುವವನು ಊರನ್ನು ಪೂರ್ಣವಾಗಿ ತಿಳಿಯಲಾರನು. ಪೂರ್ಣವಾಗಿ ತಿಳಿಯುವುದು ನಿವಾಸಿಗೂ ದುರ್ಲಭ. ಹಲವನ್ನು ಬಿಟ್ಟು ಕೆಲವನ್ನು ಹಿಡಿದು ಮನಸ್ಸಿಟ್ಟು ನೋಡಿದರೆ ಅಷ್ಟನ್ನು ಅವನು ನಿಜವಾಗಿ ತಿಳಿಯಬಲ್ಲನು. ತಾನು ನೋಡಿದುದು ಇತರರ ಶ್ರಮದಿಂದ ತನಗೆ ಒದಗಿತೆಂಬ ಅರಿವೂ, ತನ್ನ ಬರವು ಊರವರ ಇರವಿಗೆ ಭಾರವಾಗದಂತೆ ನಡೆಯುವ ಎಚ್ಚರವೂ ಅವನಿಗಿರಬೇಕು. ಹಿಂದಿರುಗಿದ ಮೇಲೆ, ಇಂಥ ದಿನ, ಇಂಥ ಗಾಳಿ ಬೀಸುತ್ತಿದ್ದಾಗ, ಇಷ್ಟನ್ನು ಕಂಡೆನು, ಇಷ್ಟನ್ನು ಕೇಳಿದೆನು ಎಂದು ಹೇಳುವನಾದರೆ ಅವನು ಋಣದಲ್ಲಿ ದೊಡ್ಡ ಭಾಗವನ್ನು ಸಲ್ಲಿಸಿದಂತೆಯೇ ಸರಿ. ಅಂಥ ಮಾತನ್ನು ಕಾದಿಸಿನ ನಿವಾಸಿಯೊಬ್ಬನು ಮರೆಯಲ್ಲಿ ನಿಂತು ಕೇಳಿದರೂ ಬೇಸರಪಡಲಾರನು; ಅಷ್ಟು ಮಾತ್ರ ನಿಜವೆಂದು ಒಪ್ಪಿ, ಮಿಕ್ಕುದನ್ನು ತಿಳಿಯಬೇಕಾದರೆ ಇನ್ನೊಂದು ಸಲ ಬರಲೆಂದು ಕರೆದಾನು.